ತಕರಾರಿಲ್ಲದ ಜಾಗದಲ್ಲಿ ನೆಟ್ಟ ಹನ್ನೊಂದು ಸಸಿ

2023ರ ಜುಲೈ ತಿಂಗಳ ಒಂದು ಭಾನುವಾರ ನಮ್ಮ ಬಡಾವಣೆಯ ಮೂರು ಅಡ್ಡರಸ್ತೆಗಳಲ್ಲಿ 48 ಸಸಿ ನೆಟ್ಟೆವು. 2025ರ ಜುಲೈನಲ್ಲಿ ಎಣಿಸಿದಾಗ 29 ಉಳಿದಿದ್ದವು. ನಡುವಿನ ಎರಡು ವರ್ಷ ಪ್ರತಿ ಸಸಿಗೂ ನಂಬರು ಕೊಟ್ಟು, ನೀರು ಹಾಕಿದ ದಿನ, ಚಿಗುರಿದ ದಿನ, ಒಣಗಿದ ದಿನ ಎಲ್ಲವನ್ನೂ ಒಂದು ಹಳೇ ಹಾಜರಿ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ನಾನು ಶಾಲೆಯಲ್ಲಿ ಪಾಠ ಹೇಳುವವಳು, ಆ ಪುಸ್ತಕದ ಅಭ್ಯಾಸ ಕೈಗೆ ಹತ್ತಿದೆ. ಸತ್ತ 19ಕ್ಕೂ ಕಾರಣ ಬೇರೆ ಬೇರೆ ಎಂದು ನಾವು ಬಹಳ ದಿನ ಅಂದುಕೊಂಡಿದ್ದೆವು. ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದ ಮೇಲೆ ನನಗೆ ಹಾಗನ್ನಿಸುತ್ತಿಲ್ಲ.

ಗುಂಡಿ ತೋಡುವ ಮುಂಚೆ

ನಮ್ಮದು ಬೆಂಗಳೂರಿನ ದಕ್ಷಿಣದ ಅಂಚು. ತೊಂಬತ್ತರ ದಶಕದ ಕೊನೆಯವರೆಗೂ ಇಲ್ಲಿ ರಾಗಿ ಹೊಲವಿತ್ತು, ಆಮೇಲೆ ಮೂವತ್ತು-ನಲವತ್ತರ ಸೈಟುಗಳಾದವು. ಈ ಊರಿನ ರಸ್ತೆಗಳಿಗೆ ದೊಡ್ಡ ಮಟ್ಟದಲ್ಲಿ ಮರ ಬಂದದ್ದು 1980ರ ದಶಕದಲ್ಲಿ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಆಗ ಸುಮಾರು 15 ಲಕ್ಷ ಸಸಿ ನೆಟ್ಟರು. ಹಳೇ ಬಡಾವಣೆಗಳಲ್ಲಿ ಇವತ್ತು ನಾವು ಕೊಡೆ ಇಲ್ಲದೆ ನಡೆಯುವ ಎಷ್ಟೋ ರಸ್ತೆಗಳ ನೆರಳು ಆಗಿನದು. ಆಗ ಹುಟ್ಟಿರದ ನಮ್ಮ ಬಡಾವಣೆಗೆ ಆ ಭಾಗ್ಯ ಸಿಗಲಿಲ್ಲ. ಮೂರನೇ ಅಡ್ಡರಸ್ತೆಯ ಮೂಲೆಯಲ್ಲಿ, ಮೊದಲು ಮನೆ ಕಟ್ಟಿದವರು ನೆಟ್ಟ ಒಂದು ಗುಲ್‌ಮೊಹರ್ ಬಿಟ್ಟರೆ ಏಪ್ರಿಲ್ ಮಧ್ಯಾಹ್ನ ನಿಲ್ಲಲು ಜಾಗವಿರಲಿಲ್ಲ.

ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ ಕೊಟ್ಟು ಅನುಮತಿ ಪಡೆದೆವು. ಅರ್ಧಕ್ಕಿಂತ ಹೆಚ್ಚು ಸಸಿ ಅಲ್ಲಿಂದಲೇ ಬಂತು, ಮಿಕ್ಕದ್ದನ್ನು ಚಂದಾ ಎತ್ತಿ ಕೊಂಡೆವು. ಹೊಂಗೆ, ಬೇವು, ನೇರಳೆ, ಹೊಳೆದಾಸವಾಳ, ತಬೂಬಿಯಾ, ಸಂಪಿಗೆ, ತಂತಿ ಹಾದುಹೋಗುವ ಕಡೆಗೆ ಬಸವನಪಾದ ಮತ್ತು ಕಕ್ಕೆ. ಎಲ್ಲವೂ ಆರು ಅಡಿಗಿಂತ ಎತ್ತರ, ಹೆಬ್ಬೆರಳು ದಪ್ಪದ ಕಾಂಡ. ಚಿಕ್ಕ ಸಸಿ ಹಾಕಿದರೆ ಒಂದೇ ವಾರದಲ್ಲಿ ದನದ ಬಾಯಿಗೆ ಹೋಗುತ್ತದೆಂದು ನರ್ಸರಿಯವರು ಎಚ್ಚರಿಸಿದ್ದರು.

ಗುಂಡಿ ತೋಡುವಾಗ ಈ ಊರಿನ ನೆಲ ಎಂಥದೆಂದು ಗೊತ್ತಾಯಿತು. ಮೇಲೆ ಅರ್ಧ ಅಡಿ ಮಣ್ಣು, ಕೆಳಗೆ ಜಲ್ಲಿ, ಸಿಮೆಂಟಿನ ಹೆಪ್ಪು, ಮುರಿದ ಟೈಲ್ಸು, ಪ್ಲಾಸ್ಟಿಕ್ ಚೀಲ. ಮನೆ ಕಟ್ಟಿ ಉಳಿದದ್ದೆಲ್ಲ ಫುಟ್‌ಪಾತ್ ಕೆಳಗೆ ಸೇರಿತ್ತು. ಅದನ್ನು ತೆಗೆದು ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ತುಂಬಿದೆವು. ಚೀಲದೊಳಗೆ ಸುರುಳಿ ಸುತ್ತಿಕೊಂಡಿದ್ದ ಬೇರನ್ನು ಬಿಡಿಸಿ ತುದಿ ಕತ್ತರಿಸಿ ನೆಡಬೇಕೆಂದು ಗೊತ್ತಿದ್ದವರು ನಮ್ಮಲ್ಲಿ ಒಬ್ಬರೇ. ಅವರು ಮೊದಲ ರಸ್ತೆಯಲ್ಲಿದ್ದಾಗ ಎರಡನೇ ರಸ್ತೆಯವರು ಸುರುಳಿಯನ್ನು ಹಾಗೇ ಇಳಿಸಿಬಿಟ್ಟಿದ್ದರು.

ಆದರೆ ಮುಖ್ಯ ತಪ್ಪು ಅದಕ್ಕೂ ಹದಿನೈದು ದಿನ ಮುಂಚೆಯೇ, ಜಾಗ ಗುರುತು ಮಾಡುವಾಗ ಆಗಿತ್ತು.

ಮೊದಲ ಅಡ್ಡರಸ್ತೆಯಲ್ಲಿ ಸುಣ್ಣದ ಪುಡಿ ಹಿಡಿದು ಹೊರಟರೆ ಪ್ರತಿ ಗೇಟಿನಲ್ಲೂ ಮಾತು. ಕಾರು ತಿರುಗಿಸೋಕೆ ಆಗಲ್ಲ. ಎಲೆ ಉದುರಿದರೆ ಗುಡಿಸೋರು ಯಾರು? ಬೇರು ಸಂಪಿಗೆ ಬಂದರೆ? ಅಂದರೆ ನೀರಿನ ತೊಟ್ಟಿಗೆ. ನೇರಳೆ ಹಣ್ಣು ಬಿದ್ದರೆ ಕಾರಿನ ಮೇಲಿನ ಕಲೆ ಹೋಗುವುದಿಲ್ಲ. ಬಾಗಿಲಿಗೆ ನೇರ ಮರ ಇರಬಾರದು ಎಂದು ವಾಸ್ತು ಹೇಳಿದವರೂ ಇದ್ದರು. ಎರಡು ಭಾನುವಾರ ಇದರಲ್ಲೇ ಕಳೆದು, ಆ ರಸ್ತೆಗೆ 28 ಗುರುತು ಹಾಕುವಷ್ಟರಲ್ಲಿ ಎಲ್ಲರಿಗೂ ಸಾಕಾಗಿತ್ತು. ಮೂರನೆಯದರಲ್ಲಿ, ಅಂಗಡಿಗಳ ಮೂಲೆಯಲ್ಲಿ, 9 ಗುರುತು. ಎರಡನೇ ಅಡ್ಡರಸ್ತೆಯಲ್ಲಿ ಒಂದು ದೊಡ್ಡ ಖಾಲಿ ಜಾಗದ ಕಾಂಪೌಂಡ್ ಗೋಡೆ ಉದ್ದಕ್ಕೂ ಇತ್ತು. ಗೇಟಿಲ್ಲ, ಕಾರಿಲ್ಲ, ಕೇಳುವವರಿಲ್ಲ. ಹತ್ತು ನಿಮಿಷದಲ್ಲಿ 11 ಗುರುತು ಹಾಕಿ ಮುಗಿಸಿದೆವು. ಆ ದಿನದ ನನ್ನ ಪುಟದಲ್ಲಿ ಹೀಗಿದೆ: "2ನೇ ಅಡ್ಡರಸ್ತೆ. ಒಳ್ಳೆಯ ಜಾಗ. ತಕರಾರಿಲ್ಲ."

ಮೊದಲ ಎಂಟು ತಿಂಗಳು

ಮಳೆ ನಂಬಿ ನೆಟ್ಟ ವರ್ಷ ಮಳೆ ಕೈಕೊಟ್ಟಿತು. 2023 ರಾಜ್ಯಕ್ಕೆ ಬರದ ವರ್ಷ, 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು. ಸೆಪ್ಟೆಂಬರಿನ ಹೊತ್ತಿಗೇ ನಾವು ಬಕೆಟ್ ಹಿಡಿಯಬೇಕಾಯಿತು. ನೆಟ್ಟ ದಿನ ಫೋಟೋದಲ್ಲಿ ಅರವತ್ತು ಜನರಿದ್ದೆವು. ಅಕ್ಟೋಬರಿನ ವಾರದ ನೀರಿಗೆ ಬರುತ್ತಿದ್ದವರು ಆರು ಜನ. ಬರದೇ ಇದ್ದವರ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲರಿಗೂ ಕೆಲಸ, ಮಕ್ಕಳು, ದೂರದ ಆಫೀಸು. ಆದರೆ ಆರು ಜನ 48 ಗಿಡವನ್ನು ಸಾಕಲಾರರು ಎಂಬ ಸರಳ ಲೆಕ್ಕವನ್ನು ನೆಡುವ ಮುಂಚೆ ನಾವು ಹಾಕಬೇಕಿತ್ತು.

ನೀರಿನ ವಿಷಯದಲ್ಲಿ ಕಲಿತದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇರೆಯವರಿಗೆ ಉಪಯೋಗವಾದೀತು. ಮೊದಲು ದಿನಾ ಒಂದೊಂದು ಚೊಂಬು ಹಾಕುವಂತೆ ಮನೆಯವರಿಗೆ ಹೇಳಿದ್ದೆವು. ಅದು ಮೇಲಿನ ಎರಡು ಇಂಚು ಒದ್ದೆ ಮಾಡಿ ಮಧ್ಯಾಹ್ನಕ್ಕೆ ಆರಿಹೋಗುತ್ತದೆ, ಬೇರೂ ನೀರಿದ್ದ ಕಡೆಗೇ, ಮೇಲಕ್ಕೇ ಹರಡುತ್ತದೆ. ವಾರಕ್ಕೊಮ್ಮೆ ಪಾತಿ ತುಂಬ 20 ಲೀಟರ್ ನಿಧಾನವಾಗಿ ಇಂಗಿಸಿದರೆ ಬೇರು ಕೆಳಗಿಳಿಯುತ್ತದೆ. ತಳಕ್ಕೆ ಸೂಜಿಯಷ್ಟು ತೂತು ಮಾಡಿದ 20 ಲೀಟರ್ ಕ್ಯಾನನ್ನು ಬುಡದಲ್ಲಿಟ್ಟು ಹೋದರೆ ಮೂರು-ನಾಲ್ಕು ಗಂಟೆಯಲ್ಲಿ ತಾನೇ ಇಂಗುತ್ತದೆ, ಯಾರೂ ನಿಂತಿರಬೇಕಿಲ್ಲ.

ಇಂಗಿದ ನೀರು ಉಳಿಯಬೇಕಾದರೆ ಬುಡಕ್ಕೆ ಹೊದಿಕೆ ಬೇಕು. ತರಗೆಲೆ ತಂದು ದಪ್ಪಗೆ ಹಾಸಿದೆವು. ಮರುದಿನ ಇಲ್ಲ. ಮತ್ತೆ ಹಾಸಿದೆವು, ಮತ್ತೆ ಇಲ್ಲ. ಯಾರೋ ಬೇಕೆಂದೇ ಮಾಡುತ್ತಿದ್ದಾರೆಂದು ಗುಂಪಿನ ವಾಟ್ಸ್ಆ್ಯಪ್‌ನಲ್ಲಿ ಖಾರವಾದ ಮಾತುಗಳೂ ಬಂದವು. ಒಂದು ಬೆಳಿಗ್ಗೆ ಆರಕ್ಕೇ ಹೋಗಿ ನಿಂತೆ. ನಮ್ಮ ರಸ್ತೆ ಗುಡಿಸುವ ಪೌರಕಾರ್ಮಿಕ ಅಕ್ಕ ಪಾತಿಯೊಳಗಿಂದ ಎಲೆ ಬಳಿದು ಗಾಡಿಗೆ ತುಂಬುತ್ತಿದ್ದರು. ಕೇಳಿದ್ದಕ್ಕೆ ಪೊರಕೆ ಊರಿ ನಿಂತು ಹೇಳಿದರು: "ನೀವು ಹಾಕ್ತೀರ, ನಾನು ಗುಡಿಸ್ತೀನಿ, ಏನ್ ಮಾಡ್ಲಿ ಮೇಡಂ? ಎಲೆ ಕಂಡ್ರೆ ಮೇಸ್ತ್ರಿ ಫೋಟೋ ತೆಗೀತಾರೆ. ಬೈಸ್ಕೊಳ್ಳೋಳು ನಾನು."

ಐದು ತಿಂಗಳಿಂದ ಅದೇ ರಸ್ತೆಯಲ್ಲಿ ದಿನವೂ ಎಲ್ಲರಿಗಿಂತ ಮುಂಚೆ ಪ್ರತಿ ಸಸಿಯನ್ನು ಕಾಣುತ್ತಿದ್ದವರು ಅವರು. ಅವರನ್ನು ನಾವು ಒಂದು ಮಾತೂ ಕೇಳಿರಲಿಲ್ಲ. ಅವರೇ ದಾರಿ ತೋರಿಸಿದರು: ಎಲೆ ಬೇಡ, ತೆಂಗಿನ ಮಟ್ಟೆ ಹಾಕಿ, ಸುತ್ತ ಇಟ್ಟಿಗೆ ಜೋಡಿಸಿ, ಆಗ ಅದು ಕಸ ಅಂತ ಯಾರಿಗೂ ಅನ್ನಿಸಲ್ಲ. ಅವತ್ತಿನಿಂದ ಹೊದಿಕೆ ಅಲ್ಲಾಡಲಿಲ್ಲ. ಮಟ್ಟೆಯನ್ನು ಬೋರಲು ಹಾಕಬೇಕು ಎನ್ನುವುದನ್ನು ಮಾತ್ರ ನಾವು ತಡವಾಗಿ ತಿಳಿದೆವು. ಅಂಗಾತವಿದ್ದರೆ ಮಳೆನೀರು ನಿಂತು ಸೊಳ್ಳೆ ಮೊಟ್ಟೆಯಿಡುತ್ತದೆ. 2024ರ ಮಳೆಗಾಲದಲ್ಲಿ ಡೆಂಗಿ ಜೋರಾದಾಗ ಒಂದು ಸಂಜೆ ಎಲ್ಲ ಪಾತಿಗಳ ಮಟ್ಟೆಯನ್ನೂ ಮಗುಚಿ ಹಾಕಿದೆವು.

2024ರ ಬೇಸಿಗೆ

ಫೆಬ್ರವರಿಯಲ್ಲಿ ಎರಡನೇ ಅಡ್ಡರಸ್ತೆಯ ಖಾಲಿ ಜಾಗದ ಒಣಹುಲ್ಲಿಗೂ ಕಸಕ್ಕೂ ಯಾರೋ ಬೆಂಕಿ ಹಾಕಿದರು. ಗೋಡೆ ಒಡೆದಿದ್ದ ಕಡೆಯಿಂದ ಜ್ವಾಲೆ ಹೊರಬಂದು ನಾಲ್ಕು ಸಸಿ ಸುಟ್ಟವು. ನಮಗೆ ಗೊತ್ತಾದದ್ದು ಮೂರು ದಿನದ ಮೇಲೆ, ವಾರದ ನೀರಿಗೆ ಹೋದಾಗ.

ಮಾರ್ಚ್ ಮೊದಲ ವಾರಕ್ಕೆ ಬಡಾವಣೆಯ ಬೋರ್‌ವೆಲ್‌ಗಳು ಒಂದೊಂದಾಗಿ ನಿಂತವು. ಕುಡಿಯುವ ನೀರನ್ನು ಕಾರು ತೊಳೆಯಲು, ಗಿಡಕ್ಕೆ, ಕಟ್ಟಡದ ಕೆಲಸಕ್ಕೆ ಬಳಸಬಾರದೆಂದು ಜಲಮಂಡಳಿಯ ಆದೇಶ ಬಂತು, ತಪ್ಪಿದರೆ 5,000 ರೂಪಾಯಿ ದಂಡ. ಜನ ಟ್ಯಾಂಕರಿಗಾಗಿ ರಾತ್ರಿಯೆಲ್ಲ ಕಾಯುತ್ತಿದ್ದಾಗ ರಸ್ತೆಬದಿಯ ಸಸಿಗೆ ನೀರು ಹುಯ್ಯುವುದು ಸರಿಯೇ? ಗುಂಪು ಇಬ್ಭಾಗವಾಯಿತು. ನಿಲ್ಲಿಸಿಬಿಡೋಣ ಎಂದವರ ಮಾತಿನಲ್ಲಿ ನ್ಯಾಯವಿತ್ತು. ಬಿಂದಿಗೆ ಹಿಡಿದು ಸಾಲಲ್ಲಿ ನಿಂತ ಹೆಂಗಸಿನ ಎದುರು ಕ್ಯಾನು ಹೊತ್ತು ಹೋಗುವಾಗ ನನಗೂ ಮುಖವೆತ್ತಲು ಆಗುತ್ತಿರಲಿಲ್ಲ.

ಕೊನೆಗೆ ಒಂದು ನಿಯಮ ಮಾಡಿಕೊಂಡೆವು: ಒಮ್ಮೆ ಬಳಸಿದ ನೀರು ಮಾತ್ರ. ಲೆಕ್ಕ ಹಾಕಿದರೆ ಆಗ ಉಳಿದಿದ್ದ ನಲವತ್ತು ಚಿಲ್ಲರೆ ಗಿಡಗಳಿಗೆ ವಾರಕ್ಕೆ ಸಾವಿರ ಲೀಟರಿಗಿಂತ ಕಡಿಮೆ ಬೇಕಿತ್ತು. ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ಕೊಳಚೆನೀರು ಶುದ್ಧ ಮಾಡುವ ಘಟಕವಿದೆ, ಮಿಕ್ಕ ನೀರು ಮೋರಿಗೆ ಹೋಗುತ್ತಿತ್ತು. ಅಲ್ಲಿನ ಸೆಕ್ಯುರಿಟಿ ಅಣ್ಣ ಬೆಳಗಿನ ಪಾಳಿಯಲ್ಲಿ ಕ್ಯಾನುಗಳನ್ನು ತುಂಬಿಸಿ ಇಡಲು ಒಪ್ಪಿದರು. ಸೊಪ್ಪಿನ ತಳ್ಳುಗಾಡಿಯವರು ಹನ್ನೊಂದಕ್ಕೆ ವ್ಯಾಪಾರ ಮುಗಿಸಿ ಗಾಡಿ ಕೊಡುತ್ತಿದ್ದರು. ಮನೆಗಳಲ್ಲಿ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು. ಬಟ್ಟೆ ಒಗೆದ ಸೋಪಿನ ನೀರು ಬೇಡವೆಂದು ಎಲ್ಲರಿಗೂ ಹೇಳಿದೆವು, ಅದರ ಉಪ್ಪು ಮಣ್ಣಲ್ಲಿ ಕೂತು ಎಳೇ ಬೇರನ್ನು ಸುಡುತ್ತದೆ. ಆರ್‌ಒ ಫಿಲ್ಟರಿನಿಂದ ಹೊರಬರುವ ನೀರಿನಲ್ಲೂ ಉಪ್ಪಿನಂಶ ಹೆಚ್ಚು, ಅದನ್ನು ಬೇರೆ ನೀರಿನೊಂದಿಗೆ ಬೆರೆಸಿಯೇ ಹಾಕಿದೆವು.

ಆ ಏಪ್ರಿಲ್ ಇಡೀ ತಿಂಗಳು ಬೆಂಗಳೂರಿಗೆ ಒಂದು ಹನಿ ಬೀಳಲಿಲ್ಲ. 28ರಂದು ಉಷ್ಣತೆ 38.5 ಡಿಗ್ರಿ ಮುಟ್ಟಿತು. ಪುಸ್ತಕದಲ್ಲಿ ಆ ತಿಂಗಳ ಪುಟಗಳನ್ನು ನೋಡಿದರೆ ಮೂರು ರಸ್ತೆಗಳು ಮೂರು ಊರುಗಳ ಹಾಗೆ ಕಾಣುತ್ತವೆ.

ಗೋಡೆಯ ಪಕ್ಕ ಉಳಿದಿದ್ದ ಏಳರಲ್ಲಿ ಆರು ಒಣಗಿದವು. ನೀರು ಹಾಕಲಿಲ್ಲವೆಂದಲ್ಲ, ಬೇರೆ ಗಿಡಗಳಿಗೆ ಹಾಕಿದಷ್ಟೇ ವಾರದ ಪಾಳಿಯಲ್ಲಿ ಹಾಕಿದ್ದೇವೆ. ಆದರೆ ಬಿಸಿಲಿಗೆ ಕಾದ ಗೋಡೆ ಹಿಂದಿನಿಂದ ಸುಡುತ್ತಿತ್ತು, ಕ್ಯಾನುಗಳನ್ನು ಯಾರೋ ಎತ್ತಿಕೊಂಡು ಹೋಗುತ್ತಿದ್ದರು, ಕಬ್ಬಿಣದ ಬೇಲಿ ಮೂರು ಗುಜರಿ ಪಾಲಾಗಿದ್ದವು. ಮಂಗಳವಾರ ಸುಳಿ ಬಾಡಿದರೆ ನಮಗೆ ಭಾನುವಾರ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಮುಗಿದಿರುತ್ತಿತ್ತು. ಸಂಪಿಗೆಯಂಥ ನೀರುಬಾಕ ಗಿಡವನ್ನು ಆ ಕಾವಿನಲ್ಲಿ ನೆಟ್ಟದ್ದೂ, ಬೇರಿನ ಸುರುಳಿ ಬಿಡಿಸದೆ ಇಳಿಸಿದ್ದೂ ನಮ್ಮದೇ ತಪ್ಪು. ಕೊನೆಯ ತುದಿಯಲ್ಲಿದ್ದ ಒಂದು ಹೊಂಗೆ ಮಾತ್ರ ಹಸಿರಾಗಿ ನಿಂತಿತ್ತು. ಅಲ್ಲಿ ಆಟೋದವರು ಗಾಡಿ ನಿಲ್ಲಿಸಿ ಊಟ ಮಾಡುತ್ತಾರೆ. ಕೈ ತೊಳೆದ ನೀರು, ಬಾಟಲಿಯಲ್ಲಿ ಮಿಕ್ಕ ನೀರು ಎಲ್ಲವೂ ಅದರ ಬುಡಕ್ಕೆ.

ಮೊದಲ ರಸ್ತೆಯ ಮನೆಗಳ ಮುಂದೆ ಆ ಬೇಸಿಗೆಯಲ್ಲಿ ಒಣಗಿದ್ದು ಎರಡೇ. ಎರಡೂ ಮನೆಗಳಿಗೆ ಬೀಗ ಹಾಕಿತ್ತು. ಇಲ್ಲಿ ಒಬ್ಬ ಹಿರಿಯರ ವಿಷಯ ಹೇಳಲೇಬೇಕು. ಸುಣ್ಣ ಹಾಕುವ ದಿನ ನಮ್ಮೊಂದಿಗೆ ಅತಿ ಹೆಚ್ಚು ಜಗಳವಾಡಿದವರು ಅವರು. ನೇರಳೆ ಬೇಡವೇ ಬೇಡ ಎಂದು ಅರ್ಧ ಗಂಟೆ ವಾದಿಸಿ, ಹೊಳೆದಾಸವಾಳವಾದರೆ ಒಪ್ಪುತ್ತೇನೆ, ಅದೂ ಗೇಟಿನಿಂದ ಎಂಟು ಅಡಿ ಆಚೆ ಎಂದು ಅಳತೆ ಟೇಪು ತಂದಿದ್ದರು. ಆ ಬೇಸಿಗೆ ತಮ್ಮ ಗಿಡವಲ್ಲದೆ ಅಕ್ಕಪಕ್ಕದ ಎರಡಕ್ಕೂ ಅಕ್ಕಿ ತೊಳೆದ ನೀರು ಹಾಕಿದರು. ಗಿಡಕ್ಕೆ ಆಸರೆಯಾಗಿ ಊರಿದ ಕೋಲಿನ ಹಗ್ಗ ಕಾಂಡವನ್ನು ಕಚ್ಚುತ್ತಿದೆ ಎಂದು ಫೋನು ಮಾಡಿ ಕರೆದದ್ದೂ ಅವರೇ, ಅವರು ಹೇಳದಿದ್ದರೆ ಅದು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ಮೂರನೇ ರಸ್ತೆಯ ಮೂಲೆಯಲ್ಲಿ ಇಸ್ತ್ರಿ ಗಾಡಿ, ಹೂವಿನವರು, ಟೀ ಅಂಗಡಿ. ಅಲ್ಲಿನ ಒಂಬತ್ತೂ ಆ ಬೇಸಿಗೆ ದಾಟಿದವು. ನಮ್ಮ ಪಾಳಿಯವರು ಅಲ್ಲಿ ಕ್ಯಾನು ಇಟ್ಟದ್ದೇ ಅಪರೂಪ, ಹೋದಾಗಲೆಲ್ಲ ಪಾತಿ ಒದ್ದೆಯಾಗಿರುತ್ತಿತ್ತು. ಹೂವಿನ ಅಮ್ಮ ಹೂವಿಗೆ ಚಿಮುಕಿಸಿದ ನೀರಿನ ಮಿಕ್ಕದ್ದನ್ನು ಹಾಕುತ್ತಿದ್ದರು, ಟೀ ಅಂಗಡಿಯ ಹುಡುಗ ಲೋಟ ತೊಳೆದದ್ದನ್ನು. ಇಸ್ತ್ರಿ ಅಣ್ಣ ಪಾತಿಗೆ ಇದ್ದಿಲ ಬೂದಿ ಸುರಿಯಲು ಬಂದವರನ್ನು ಗದರಿಸಿ, ತಾವೂ ಬೂದಿಯನ್ನು ಬೇರೆ ಡಬ್ಬಕ್ಕೆ ತುಂಬುತ್ತಿದ್ದರು.

ಬೆಂಗಳೂರಿನ ರಸ್ತೆಗಳಲ್ಲೇ ಅಳತೆ ಮಾಡಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರವಿರುವ ಕಡೆ ಮಧ್ಯಾಹ್ನದ ಗಾಳಿ 5.6 ಡಿಗ್ರಿವರೆಗೆ ತಂಪು, ಡಾಂಬರಿನ ಮೈ 27.5 ಡಿಗ್ರಿವರೆಗೆ ತಂಪು. ಕೆಂಡ ತುಂಬಿದ ಪೆಟ್ಟಿಗೆ ಹಿಡಿದು ಆ ಡಾಂಬರಿನ ಮೇಲೆ ಎಂಟು ಗಂಟೆ ನಿಲ್ಲುವವರಿಗೆ ಆ ಅಂತರ ಅಂಗಾಲಿಗೇ ತಿಳಿಯುತ್ತದೆ. ಏಸಿ ಕಾರಿನಿಂದ ಇಳಿದು ಮನೆಯೊಳಗೆ ಹೋಗುವವರಿಗೆ ಮರ ಒಂದು ಚೆಲುವು. ಆ ಮೂಲೆಯಲ್ಲಿ ನಿಂತು ದುಡಿಯುವವರಿಗೆ ಅದು ಸೂರು.

ಮಳೆ ಬಂದ ಮೇಲೆ

ಜೂನ್ 2ರ ಭಾನುವಾರ ಒಂದೇ ದಿನ 111.1 ಮಿ.ಮೀ. ಮಳೆ ಸುರಿಯಿತು, ಜೂನ್ ತಿಂಗಳಲ್ಲಿ ಒಂದೇ ದಿನಕ್ಕೆ 133 ವರ್ಷಗಳಲ್ಲೇ ಹೆಚ್ಚಿನದು. ಮೂಲೆಯ ಹಳೇ ಗುಲ್‌ಮೊಹರಿನ ದೊಡ್ಡ ಕೊಂಬೆ ಮುರಿದು ನಮ್ಮ ಒಂದು ಬೇವಿನ ಮೇಲೆ ಬಿತ್ತು. ಆ ಒಂಬತ್ತರಲ್ಲಿ ಹೋದದ್ದು ಅದೊಂದೇ. ಮೊದಲ ರಸ್ತೆಯಲ್ಲೂ ಒಂದು ತಬೂಬಿಯಾ ಬುಡಸಮೇತ ಒರಗಿತು, ಎತ್ತಿ ನಿಲ್ಲಿಸಿದರೂ ಬದುಕಲಿಲ್ಲ.

ಆ ರಸ್ತೆಯ ಉಳಿದ ಐದು ಸಾವುಗಳನ್ನು ಬೇಗ ಹೇಳಿಬಿಡುತ್ತೇನೆ, ನೆನೆದರೆ ಸಂಕಟವಾಗುತ್ತದೆ. ಕೇಬಲ್ ಹಾಕಲು ರಾತ್ರೋರಾತ್ರಿ ಅಗೆದವರು ಎರಡರ ಬೇರು ಕತ್ತರಿಸಿ ಮೇಲೆ ಮಣ್ಣು ಮುಚ್ಚಿ ಹೋದರು. ಎಲೆ ಹಳದಿಯಾಗಿ ಉದುರುವವರೆಗೆ ನಮಗೆ ತಿಳಿಯಲಿಲ್ಲ. ಎರಡು, ಕಾರು ಹಿಂದಕ್ಕೆ ತೆಗೆಯುವಾಗ ಮುರಿದವು. ಒಂದರ ಸುತ್ತ ಫುಟ್‌ಪಾತ್ ದುರಸ್ತಿಯವರು ಕಾಂಡಕ್ಕೆ ತಾಗುವಂತೆ ಕಾಂಕ್ರೀಟು ಹಾಕಿದ್ದರು. ಒಡೆಸಲು ಅರ್ಜಿ ಕೊಟ್ಟು ಓಡಾಡಿ, ಒಡೆಯುವ ಹೊತ್ತಿಗೆ ಅದು ಸೊರಗಿಹೋಗಿತ್ತು.

ಹೀಗೆ ಮನೆಗಳ ಮುಂದೆ 28ರಲ್ಲಿ 20, ಮೂಲೆಯಲ್ಲಿ 9ರಲ್ಲಿ 8, ಗೋಡೆಯ ಪಕ್ಕ 11ರಲ್ಲಿ 1. ನ್ಯೂಯಾರ್ಕ್ ನಗರದಲ್ಲಿ 1999ರಿಂದ 2003ರವರೆಗೆ ನೆಟ್ಟ ರಸ್ತೆಮರಗಳಲ್ಲಿ 13,405ನ್ನು ಕೆಲವು ವರ್ಷಗಳ ನಂತರ ಹೋಗಿ ನೋಡಿದಾಗ ಶೇ. 74.3 ಬದುಕಿದ್ದವಂತೆ, ಯಾರಾದರೂ ಬುಡ ನೋಡಿಕೊಳ್ಳುತ್ತಿರುವ ಗುರುತು ಇದ್ದ ಕಡೆ ಹೆಚ್ಚು ಉಳಿದಿದ್ದವಂತೆ. ನಮ್ಮದು ಶೇ. 60. ಗೋಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ 37ಕ್ಕೆ 28, ಅವರಷ್ಟೇ.

ನಮ್ಮ ಗುಂಪಿನ ಕೆಲವರು ಗೋಡೆಯ ಸಾವಿಗೆ ಬೆಂಕಿ ಕಾರಣ, ಬರ ಕಾರಣ, ಕಳ್ಳತನ ಕಾರಣ ಎನ್ನುತ್ತಾರೆ. ಬರ ಮೂರು ರಸ್ತೆಗೂ ಒಂದೇ ಇತ್ತು. ಮೂಲೆಯಲ್ಲಿ ಯಾರಾದರೂ ಬೆಂಕಿ ಹಾಕಿದ್ದರೆ ಟೀ ಅಂಗಡಿಯವರು ಮೊದಲ ಹೊಗೆಗೇ ಓಡಿ ಬರುತ್ತಿದ್ದರು. ಗೇಟಿನ ಮುಂದೆ ನಿಂತು ವಾದ ಮಾಡಿದವರು ಆ ಜಾಗ ತಮ್ಮದೆಂದು ತಿಳಿದಿದ್ದರಿಂದಲೇ ವಾದ ಮಾಡಿದ್ದು. ಆ ಮಾತನ್ನು ನಾವು ಅಡ್ಡಿ ಎಂದು ತಿಳಿದು, ಮಾತೇ ಇಲ್ಲದ ಕಡೆಗೆ ಹನ್ನೊಂದು ಸಸಿಯನ್ನು ಒಯ್ದು ನಿಲ್ಲಿಸಿದೆವು.

2025ರ ಮೂರು ಗುಂಡಿ

2025ರ ಮಳೆಗಾಲದಲ್ಲಿ ನೆಟ್ಟದ್ದು ಮೂರೇ. ಗೋಡೆಯ ಪಕ್ಕಕ್ಕೆ ಈಗ ಹೋಗುವುದಿಲ್ಲ ಎಂದು ತೀರ್ಮಾನವಾಯಿತು. ಎರಡು ಸಸಿ, ನಮ್ಮ ಮನೆ ಮುಂದೆಯೂ ಹಾಕಿ ಎಂದು ತಾವಾಗಿ ಕೇಳಿದ ಎರಡು ಮನೆಗಳಿಗೆ. ಮೂರನೆಯದು, ಕೊಂಬೆ ಬಿದ್ದು ಸತ್ತ ಬೇವಿನ ಬದಲಿಗೆ, ಮೂಲೆಯಲ್ಲಿ.

ಸುಣ್ಣದ ಪುಡಿ ತೆಗೆದುಕೊಂಡು ಹಳೇ ಗುಂಡಿಯ ಜಾಗಕ್ಕೇ ಗುರುತು ಹಾಕಲು ಬಗ್ಗಿದೆ. ಇಸ್ತ್ರಿ ಅಣ್ಣ ಪೆಟ್ಟಿಗೆ ಕೆಳಗಿಟ್ಟು ಬಂದರು.

"ಮೇಡಂ, ಅಲ್ಲಿ ಬೇಡ. ಅದು ಮೂಡಗಡೆ ಆಯ್ತು. ಬೆಳಿಗ್ಗೆ ಬಿಸಿಲು ನಂಗೇನೂ ಮಾಡಲ್ಲ. ಸುಡೋದು ಎರಡು ಗಂಟೆ ಮೇಲೆ. ಗಿಡ ಗಾಡಿಗೆ ಪಡುವಣಕ್ಕಿದ್ರೆ ಆಗ ನೆರಳು ಈ ಕಡೆ ಬೀಳತ್ತೆ."

"ಹೋದ ಸಲ ಯಾಕಣ್ಣ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲಮ್ಮ."

ಅವರೇ ಹತ್ತು ಹೆಜ್ಜೆ ಪಡುವಣಕ್ಕೆ ಅಳೆದು, ತಲೆಯೆತ್ತಿ ತಂತಿ ಇಲ್ಲವೆಂದು ನೋಡಿಕೊಂಡು, ಕಾಲ್ಬೆರಳಿನಿಂದ ನೆಲದ ಮೇಲೆ ಗೀಟೆಳೆದರು. ಗುಂಡಿ ತೋಡುವಾಗ ಹಾರೆ ಹಿಡಿದದ್ದೂ ಅವರೇ. ಸುಳಿ ಮುರಿಯದ ಹಾಗೆ ಚೀಲ ಹರಿದು, ಬೇರಿನ ಸುರುಳಿ ಬಿಡಿಸಿ ಕೊಟ್ಟೆ. ಹೊಂಗೆ ನಿಂತಿತು. ಹೂವಿನ ಅಮ್ಮ ಬುಟ್ಟಿಯ ಕೆಳಗಿನ ಒದ್ದೆ ಗೋಣಿಯನ್ನು ತಂದು ಪಾತಿಯ ಮೇಲೆ ಹಿಂಡಿದರು.